ಮಾವ ಇಳಿಯುವ ಕಡೆಯ ಲೈಟು

ನಮ್ಮ ಅಂಗಡಿ ಸಾಲಿನಲ್ಲಿ ಹೊಟ್ಟೆಕಿಚ್ಚು ಇಲ್ಲದವರು ಯಾರೂ ಇಲ್ಲ, ನನ್ನನ್ನೂ ಸೇರಿಸಿ. ನಾನು ಗಾಡಿಗಳ ಸೀಟು ಹೊಲಿಯುವವನು. ಎದುರಿನ ಪಂಕ್ಚರ್ ಅಂಗಡಿಯವನಿಗೆ ನನ್ನ ಅಂಗಡಿ ಮುಂದಿನ ನೆರಳಿನ ಮೇಲೆ ಕಣ್ಣು, ನನಗೆ ಅವನ ಮೂಲೆ ಜಾಗದ ಮೇಲೆ ಕಣ್ಣು. ಆದರೆ ನಮ್ಮದೆಲ್ಲ ಸಂಜೆ ಷಟರ್ ಎಳೆದ ಮೇಲೆ ಆರಿಹೋಗುವ ಕಿಚ್ಚು. ಪಕ್ಕದಂಗಡಿಯ ಟೆಸ್ಟರ್‌ನದು ಹಾಗಲ್ಲ. ಅವನು ಹೊಟ್ಟೆ ಉರಿದುಕೊಂಡದ್ದು ಒಬ್ಬ ಮುದುಕರ ಸಲುವಾಗಿ. ಆ ಮುದುಕರು ಅವನಿಗೆ ಹೆಣ್ಣು ಕೊಟ್ಟ ಮಾವ.

ಟೆಸ್ಟರ್ ಎಂಬುದು ನಾವಿಟ್ಟ ಹೆಸರು. ಗಾಡಿಗಳ ವೈರಿಂಗ್ ಕೆಲಸ ಅವನದು. ಬಲಗಿವಿಯ ಮೇಲೆ ಸದಾ ಕರೆಂಟು ಇದೆಯೋ ಇಲ್ಲವೋ ನೋಡುವ ಒಂದು ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಾನೆ. ಕೂದಲು ಕತ್ತರಿಸಿಕೊಳ್ಳಲು ಹೋದಾಗ ಕತ್ತರಿ ಹಿಡಿದವನೇ ಅದನ್ನು ತೆಗೆದಿಡಬೇಕು. ಮಾತಿನಲ್ಲಿ ಮಹಾ ಜಿಪುಣ. ಏನು ಕೇಳಿದರೂ "ಹೂಂ", ಇಲ್ಲದಿದ್ದರೆ "ಉಹೂಂ". ತೀರಾ ಖುಷಿಯಾದರೆ "ಆಗ್ಲಿ". ಅವನ ಹೆಂಡತಿ ಬಾಯಿಬಿಟ್ಟೇ ಹೇಳುತ್ತಾಳೆ: "ಮದುವೆಯಾದ ಹೊಸದರಲ್ಲಿ ತವರುಮನೆಗೆ ಹೋದ್ರೆ ಇವ್ರು ನನ್ನ ಮುಖ ನೋಡಿದ್ದಕ್ಕಿಂತ ಅಲ್ಲಿನ ಫ್ಯಾನ್ ನೋಡಿದ್ದೇ ಜಾಸ್ತಿ."

ಮಾವ ಬಸ್ಸು ಓಡಿಸಿ ನಿವೃತ್ತರಾದವರು. ಟೆಸ್ಟರ್ ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡವನಾದ್ದರಿಂದ, ಅಪ್ಪ ಅಂತ ಅವನು ಕಂಡದ್ದು ಇವರನ್ನೇ. ಮಾವ ಬೆಳಗ್ಗೆ ವಾಕಿಂಗ್ ಮುಗಿಸಿ ನೇರ ಇವನ ಅಂಗಡಿಗೆ ಬರುತ್ತಿದ್ದರು. ಒಂದು ಸ್ಟೂಲು ಎಳೆದುಕೊಂಡು ಕೂತರೆ ಊಟದ ಹೊತ್ತಿನವರೆಗೂ ಮಾತು. ಯಾವ ಘಾಟಿಯಲ್ಲಿ ಬ್ರೇಕು ಹೋಗಿತ್ತು, ಯಾವ ಕಂಡಕ್ಟರ್ ನಿದ್ದೆಯಲ್ಲೇ ಸೀಟಿ ಊದುತ್ತಿದ್ದ, ಎಲ್ಲವೂ. ಟೆಸ್ಟರ್ ಯಾವುದೋ ಗಾಡಿಯ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಬಿದ್ದುಕೊಂಡು ಎಲ್ಲದಕ್ಕೂ ಹೂಂಗುಟ್ಟುತ್ತಿದ್ದ. ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಮಾವ ಆ ಕಾಲುಗಳಿಗೇ ಕಥೆ ಹೇಳುತ್ತಿದ್ದರು. ನೋಡಿದವರಿಗೆ ಇವನಿಗೆ ಇದೆಲ್ಲ ಬೇಕೋ ಬೇಡವೋ ಗೊತ್ತಾಗುತ್ತಿರಲಿಲ್ಲ. ನನಗೆ ಗೊತ್ತಿತ್ತು. ಮಾವ ಬರುವುದು ಸ್ವಲ್ಪ ತಡವಾದರೂ ಅವನು ಒಂದೇ ಸ್ಕ್ರೂ ಬಿಚ್ಚುವುದು, ಮತ್ತೆ ಹಾಕುವುದು, ರಸ್ತೆ ನೋಡುವುದು.

ಅಷ್ಟರಲ್ಲಿ ಷಡ್ಡಕ ಒಂದು ಪಿಕಪ್ ಕೊಂಡ. ಟೆಸ್ಟರ್‌ನ ಹೆಂಡತಿಯ ತಂಗಿಯ ಗಂಡ ಅವನು. ಬಾಯಿ ತೆರೆದರೆ ಮುಚ್ಚುವ ಆಸಾಮಿಯಲ್ಲ; ನಿಂತಲ್ಲೇ ನಾಲ್ಕು ಜನರನ್ನು ನಗಿಸುತ್ತಾನೆ. ಅಂಗಡಿಗಳಿಂದ ಮಂಚ, ಬೀರು, ಸೋಫಾ ತುಂಬಿಕೊಂಡು ಮನೆಮನೆಗೆ ಇಳಿಸಿ ಬರುವ ಕೆಲಸ ಹಿಡಿದ. ಗಾಡಿ ತಂದ ದಿನ, "ಮಾವ, ನೀವೊಂದ್ಸಲ ಕೂತು ನೋಡಿ ಹೇಳಿ" ಎಂದು ಕರೆದುಕೊಂಡು ಹೋದ. ಮಾರನೆಯ ದಿನವೂ ಮನೆಮುಂದೆ ಹಾರ್ನ್ ಹೊಡೆದ. ಆಮೇಲೆ ಅದೇ ಪದ್ಧತಿಯಾಯಿತು. ನಮ್ಮ ಬೀದಿಯಲ್ಲೇ ಪಿಕಪ್ ಹಾದುಹೋಗುತ್ತಿತ್ತು. ಎಡಗಡೆಯ ಕಿಟಕಿಯಲ್ಲಿ ಮಾವನ ಮೊಣಕೈ, ಒಳಗಿನಿಂದ ನಗು. ಕೈಬೀಸಿ ಹೋಗುತ್ತಿದ್ದರು. ಟೆಸ್ಟರ್ ತಲೆ ಎತ್ತುತ್ತಲೇ ಇರಲಿಲ್ಲ.

ಒಂದು ಸಂಜೆ ಟೀ ಕುಡಿಯುವಾಗ ಅವನ ಬಾಯಿಂದ ಉದುರಿದ್ದು, ನಾನು ಕಂಡಂತೆ, ಅವನ ಜೀವಮಾನದ ಅತಿ ಉದ್ದದ ಭಾಷಣ.

"ನನಗೆ ಇವತ್ತಿಗೂ 'ಬನ್ನಿ ಅಳಿಯಂದಿರೇ, ಕೂತ್ಕೊಳ್ಳಿ'. ಅವನಿಗೆ 'ಬಾರೋ ಇಲ್ಲಿ'. ನಿನ್ನೆ ನಮ್ಮನೇಲಿ ಎಲ್ರೂ ಊಟಕ್ಕೆ ಕೂತಿದ್ವಿ, ಅವನ ತಲೆಗೊಂದು ಮೊಟಕಿದ್ರು. ಸುಮ್ನೆ, ಪ್ರೀತಿಗೆ. ನನ್ನ ತಲೆಗೆ ಒಂದಿನ ಮೊಟಕಿದ್ದಾರಾ?"

"ನಿನ್ನ ತಲೆಗೆ ಮೊಟಕೋಕೆ ಹೋದ್ರೆ ಟೆಸ್ಟರ್ ಚುಚ್ಚತ್ತೆ ಮಾರಾಯ," ಅಂದೆ. ಅವನು ನಗಲಿಲ್ಲ. ಅರ್ಧ ಟೀ ಚೆಲ್ಲಿ ಎದ್ದು ಹೋದ.

ಗಾಯಕ್ಕೆ ಉಪ್ಪು ಹಾಕಿದ ಹಾಗೆ ಷಡ್ಡಕ ಒಂದು ದಿನ ಅದೇ ಪಿಕಪ್ಪನ್ನು ತಂದು ಇವನ ಬಾಗಿಲಿಗೇ ನಿಲ್ಲಿಸಿದ. ಕೈಯಲ್ಲೊಂದು ಡಬ್ಬ. "ಅಣ್ಣ, ಬಾಗಿಲು ತೆಗೆದ ಕೂಡ್ಲೆ ಕೆಳಗೆ ನೆಲಕ್ಕೆ ಬೆಳಕು ಬೀಳೋ ಲೈಟು ಇವು. ಮೊನ್ನೆ ಕತ್ತಲಾಗ್ತಿದ್ದ ಹಾಗೆ ಮಾವ ಇಳಿಯೋವಾಗ ಚರಂಡಿ ಕಲ್ಲಿನ ಮೇಲೆ ಕಾಲಿಟ್ಬಿಟ್ರು. ಎದೆ ಧಸಕ್ ಅಂತು. ಎರಡೂ ಕಡೆ ಹಾಕ್ಕೊಡು. ಮಾವನ ಕಡೆ ಮಾತ್ರ ಚೆನ್ನಾಗಿ ಬೆಳಕು ಬೀಳ್ಬೇಕು."

ಮಾವ ಇನ್ನೆಂದೂ ಈ ಅಂಗಡಿಯ ಕಡೆ ಮುಖ ಹಾಕದಂತೆ ಮಾಡುವ ಕೆಲಸವನ್ನು ಇವನ ಕೈಯಿಂದಲೇ ಮಾಡಿಸುವುದು ಅಂದರೆ! ಟೆಸ್ಟರ್ "ಹೂಂ" ಅಂದ.

ಕೆಲಸದಲ್ಲಿ ಅವನದು ಎರಡನೇ ಮಾತಿಲ್ಲ, ಅದನ್ನು ಒಪ್ಪಬೇಕು. ಫುಟ್‌ಬೋರ್ಡಿನ ಅಡಿ ಕೆಸರು ಸಿಡಿಯದ ಜಾಗ ಹುಡುಕಿ ಲೈಟು ಕೂರಿಸಿದ. ಬ್ಯಾಟರಿಯಿಂದ ಬೇರೆಯೇ ವೈರು ತೆಗೆದು ಅದಕ್ಕೊಂದು ಫ್ಯೂಸು ಕೊಟ್ಟ. ತಗಡಿನ ತೂತಿನಲ್ಲಿ ವೈರು ಉಜ್ಜಿ ಹರಿಯದಂತೆ ರಬ್ಬರ್ ಬುಷ್ ಹಾಕಿದ. ಬಾಗಿಲಿನ ಸಂದಿಯಲ್ಲಿರುವ ಪುಟ್ಟ ಸ್ವಿಚ್ಚಿಗೆ ಕೂಡಿಸಿದ: ಬಾಗಿಲು ತೆರೆದರೆ ಹತ್ತಬೇಕು, ಮುಚ್ಚಿದರೆ ಆರಬೇಕು. ಮಾವನ ಕಡೆ ಲೈಟನ್ನು ಮೂರು ನಾಲ್ಕು ಸಲ ಓರೆ ಮಾಡಿ, ತಾನೇ ಕೂತು ಇಳಿದು, ಕಾಲು ಬೀಳುವ ಜಾಗಕ್ಕೇ ಬೆಳಕು ಬೀಳುವಂತೆ ಮಾಡಿದ. ನಾನು ಸೂಜಿ ಬಿಟ್ಟು ನೋಡುತ್ತಾ ನಿಂತೆ.

ಎಲ್ಲ ಮುಗಿಯಿತು ಅನ್ನುವಾಗ ಅವನು ಹಳೆಯ ಬ್ರೇಕ್ ಲೈಟಿನ ಒಂದು ಬಲ್ಬು ತಂದ. ಮಾವ ಕೂರುವ ಸೀಟಿನ ಮುಂದೆ, ಎಡಗಾಲಿನ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಮುಚ್ಚಳವಿದೆ. ಅದರ ಹಿಂದೆ, ಕೀ ತೆಗೆದರೂ ಕರೆಂಟು ಇರುವ ವೈರಿಗೆ ಆ ಬಲ್ಬನ್ನು ಕೂಡಿಸಿ ಮುಚ್ಚಳ ಹಾಕಿಬಿಟ್ಟ.

"ಅದ್ಯಾಕೋ ಅಲ್ಲಿ?" ಅಂದೆ.

"ನಿನ್ನ ಹೊಲಿಗೆ ನೀನು ನೋಡ್ಕೋ."

ವೈರಿಂಗ್ ಗೊತ್ತಿಲ್ಲದ ನನಗೂ ಗೊತ್ತು, ಯಾರಿಗೂ ಕಾಣದ ಬಲ್ಬು ರಾತ್ರಿಯೆಲ್ಲ ಉರಿದರೆ ಬ್ಯಾಟರಿಯ ಗತಿ ಏನೆಂದು. ಗಾಡಿ ಕೈಕೊಡಬೇಕು, ಷಡ್ಡಕನ ಸವಾರಿ ನಿಲ್ಲಬೇಕು, ಮಾವ ಮತ್ತೆ ಇಲ್ಲಿಗೆ ಬರಬೇಕು. ಇಷ್ಟೇ ಅವನ ಲೆಕ್ಕ. ಅಷ್ಟು ಅಚ್ಚುಕಟ್ಟಾದ ಕೆಲಸಕ್ಕೆ ತಾನೇ ವಿಷ ಇಟ್ಟ.

ಮಬ್ಬುಗತ್ತಲಲ್ಲಿ ಮಾವನೂ ಷಡ್ಡಕನೂ ಗಾಡಿ ಒಯ್ಯಲು ಬಂದರು. ಮಾವ ಬಾಗಿಲು ತೆಗೆದರು, ನೆಲ ಬೆಳಗಿತು. ಮುಚ್ಚಿದರು, ಆರಿತು. ಮತ್ತೆ ತೆಗೆದರು. "ನಮ್ಮ ಅಳಿಯಂದಿರ ಕೈ ಅಂದ್ರೆ ಕೈ!" ಅಂದರು. ಟೆಸ್ಟರ್ ಮುಖದಲ್ಲಿ ಒಂದು ಕ್ಷಣ ಎಂಥ ಸಂತೋಷ ಕಂಡಿತೆಂದರೆ, ಓಡಿಹೋಗಿ ಆ ಬಲ್ಬು ಕಿತ್ತೇಬಿಡುತ್ತಾನೆ ಅಂದುಕೊಂಡೆ. ಅಷ್ಟರಲ್ಲಿ ಮಾವ ಷಡ್ಡಕನ ಹೆಗಲಿಗೆ ಕೈಹಾಕಿ, "ನಡಿಯೋ, ಹೊಟ್ಟೆ ಹಸೀತಿದೆ" ಅಂದರು. ಟೆಸ್ಟರ್ ಒಳಗೆ ಹೋಗಿ ಫ್ಯಾನ್ ಆರಿಸಿದ.

ಮಾರನೆಯ ಬೆಳಗ್ಗೆಯೇ ಷಡ್ಡಕನ ಫೋನ್ ಬಂತು. ಗಾಡಿ ಸ್ಟಾರ್ಟ್ ಆಗುತ್ತಿಲ್ಲ. ಟೆಸ್ಟರ್ ಬೇರೆ ಬ್ಯಾಟರಿ ಹೊತ್ತು ಹೋದ, ಗಾಡಿ ಎಬ್ಬಿಸಿ ಬಂದ. ಮತ್ತೆರಡು ದಿನಕ್ಕೆ ಅದೇ ಕಥೆ. ಷಡ್ಡಕ ಹೊಸ ಬ್ಯಾಟರಿ ಹಾಕಿಸಿದ, ಅದೂ ಮಲಗಿತು. ಒಂದು ಬೆಳಗ್ಗೆ ಮಂಚ ಕಾಯುತ್ತಿದ್ದ ಮನೆಯವರು ಬೇರೆ ಗಾಡಿ ತರಿಸಿಕೊಂಡರು.

"ಸಾಕು, ಅದನ್ನ ತೆಗೆದ್ಬಿಡೋ," ಅಂದೆ.

"ನಾಳೆ," ಅಂದ.

ಅವನು ಎಣಿಸಿದ್ದು ಒಂದು, ಆದದ್ದು ಇನ್ನೊಂದು. ಗಾಡಿ ನಿಂತ ದಿನ ಮಾವ ಅಂಗಡಿಗೆ ಬರಲಿಲ್ಲ. ಷಡ್ಡಕನ ಜೊತೆ ನಿಂತು ಗಾಡಿ ತಳ್ಳಿದರು! ಈ ವಯಸ್ಸಿನಲ್ಲಿ, ಪಂಚೆ ಎತ್ತಿಕಟ್ಟಿ. ಅದನ್ನು ಕಣ್ಣಾರೆ ಕಂಡು ಬಂದ ದಿನ ಟೆಸ್ಟರ್ ಯಾರದೋ ಗಾಡಿಯ ಹಾರ್ನ್ ವೈರನ್ನು ಹೆಡ್‌ಲೈಟಿಗೆ ಕೊಟ್ಟು ಬೈಸಿಕೊಂಡ.

ಇನ್ನೊಂದು ಮಾತು ಅವನ ಹೆಂಡತಿಯಿಂದ ನಮ್ಮ ಕಿವಿಗೆ ಬಿತ್ತು. ಲೈಟು ಹಾಕಿಸಿದ ಮೇಲೇ ಹೀಗಾಗುತ್ತಿದೆ, ಬೇರೆ ಮೆಕ್ಯಾನಿಕ್‌ಗೆ ತೋರಿಸಲೇ ಎಂದು ಷಡ್ಡಕ ಮೆಲ್ಲಗೆ ಕೇಳಿದ್ದಕ್ಕೆ ಮಾವ ಗುಡುಗಿದರಂತೆ: "ದೊಡ್ಡ ಅಳಿಯ ಮುಟ್ಟಿದ ವೈರು ಕೆಡಲ್ಲ. ಗಾಡಿದೇ ದೋಷ. ಮಾರಿಬಿಡು ಇದನ್ನ!" ಹೆಂಡತಿ ಹೆಮ್ಮೆಯಿಂದ ಹೇಳಿದಳು. ಪಕ್ಕದಲ್ಲೇ ಟೆಸ್ಟರ್ ಇಂಗು ತಿಂದ ಮಂಗನಂತೆ ನಿಂತಿದ್ದ. ಅವನಿಗೆ ಬೇಕಾಗಿದ್ದ ಮಾತು ಸಿಕ್ಕೇ ಸಿಕ್ಕಿತ್ತು, ಆದರೆ ಅನುಭವಿಸುವ ಹಾಗಿರಲಿಲ್ಲ.

ಆ ವಾರವೇ ಷಡ್ಡಕ ಗಾಡಿಯನ್ನು ಮತ್ತೆ ತಂದು ನಿಲ್ಲಿಸಿದ. "ಕೊನೇ ಸಲ ನೋಡಣ್ಣ. ಆಗ್ಲಿಲ್ಲ ಅಂದ್ರೆ ಮಾರ್ತೀನಿ. ಲೋಡು ಕಟ್ಟೋಕೆ ಹಗ್ಗ ತಗೊಂಡು ಬರ್ತೀನಿ" ಎಂದು ಕೀ ಕಿತ್ತುಕೊಂಡು ನಡೆದ. ಟೆಸ್ಟರ್ ಕೈಯಲ್ಲಿ ಬೇರೆ ಗಾಡಿಯ ಕೆಲಸವಿತ್ತು. ಮಾವ ಪಿಕಪ್ಪಿನಿಂದ ಇಳಿಯಲೇ ಇಲ್ಲ; ಬಾಗಿಲು ತೆರೆದುಕೊಂಡು ಚಪ್ಪಲಿ ಬಿಚ್ಚಿ ಅಲ್ಲೇ ಕೂತರು. ಬಹಳ ಹೊತ್ತಾಯಿತು. ನಾನು ಹೊಲಿಗೆ ಯಂತ್ರ ತುಳಿಯುತ್ತಿದ್ದೆ.

"ಅಳಿಯಂದಿರೇ, ಸ್ವಲ್ಪ ಬನ್ನಿ ಇಲ್ಲಿ."

ಟೆಸ್ಟರ್ ಹೋದ. ಮಾವ ಬರಿಗಾಲಿನಿಂದ ಆ ಪ್ಲಾಸ್ಟಿಕ್ ಮುಚ್ಚಳ ತೋರಿಸಿದರು. "ಇಲ್ಲಿ ಕೈ ಇಡಿ. ಗಾಡಿ ನಿಂತು ಇಷ್ಟು ಹೊತ್ತಾಯ್ತು, ಕೀ ಇಲ್ಲ. ಇದ್ಯಾಕೆ ಬೆಚ್ಚಗಿದೆ?"

ನಾನು ಯಂತ್ರ ನಿಲ್ಲಿಸಿದೆ. ಟೆಸ್ಟರ್ ತಾನೇ ಮುಚ್ಚಳ ಬಿಚ್ಚಿದ. ಒಳಗೆ ಬಲ್ಬು ಉರಿಯುತ್ತಿತ್ತು. ಮಾವ ಬಗ್ಗಿ ನೋಡಿದರು.

"ಇದು ಕಂಪನಿಯವರು ಹಾಕಿದ್ದಲ್ಲ."

"ಉಹೂಂ."

"ನೀವು ಹಾಕಿದ್ದು."

"ಹೂಂ."

"ಮರೆತು ಬಿಟ್ಟಿದ್ದಾ?"

"ಉಹೂಂ."

"ಮತ್ತೆ ಯಾಕೆ?"

ಇದಕ್ಕೆ ಹೂಂ ಉಹೂಂ ನಡೆಯುವಂತಿರಲಿಲ್ಲ. ಅವನು ಕಿವಿಯ ಮೇಲಿನ ಟೆಸ್ಟರ್ ತೆಗೆದು ಮತ್ತೆ ಸಿಕ್ಕಿಸಿಕೊಂಡ. ಕಡೆಗೆ, "ನೀವು ಬರ್ತಾ ಇರ್ಲಿಲ್ಲ" ಅಂದ.

ಈಗ ಬೈಗುಳ ಬೀಳುತ್ತದೆ ಎಂದು ನಾನು ಕಾದೆ. ಮಾವ ಬೈಯಲಿಲ್ಲ. ಒಂದೊಂದಾಗಿ ಚಪ್ಪಲಿ ಹಾಕಿಕೊಂಡರು.

"ನಾನು ಬರ್ತಾ ಇರ್ಲಿಲ್ಲ, ನಿಜ. ಯಾಕೆ ಬರ್ತಿಲ್ಲ ಅಂತ ನೀವು ಒಂದಿನ ಕೇಳಿದ್ರಾ? ಎರಡು ಹೆಜ್ಜೆ ದೂರದಲ್ಲಿ ಮನೆ ಇದೆ. ಶುರುವಲ್ಲಿ ಸಂಜೆ ಆದ್ರೆ ಕಾಯ್ತಾ ಇದ್ದೆ, ಇವತ್ತಾದ್ರೂ ದೊಡ್ಡ ಅಳಿಯಂದಿರು ಬಂದು ಕೇಳ್ತಾರೆ ಅಂತ. ಬರ್ಲಿಲ್ಲ. ಅವಾಗ ಅನ್ಕೊಂಡೆ, ಮುದುಕ ದಿನಾ ಬಂದು ತಲೆ ತಿಂತಿದ್ದ, ಈಗ ಪೀಡೆ ತೊಲಗ್ತು ಅಂತ ನೆಮ್ಮದಿಯಾಗಿದ್ದಾರೆ, ನಾನ್ಯಾಕೆ ಮತ್ತೆ ಹೋಗ್ಲಿ ಅಂತ."

"ಇಲ್ಲ ಮಾವ," ಅಂದ ಟೆಸ್ಟರ್. ಉರಿಯುತ್ತಿದ್ದ ಬಲ್ಬನ್ನು ಬರಿಗೈಯಲ್ಲೇ ಕಿತ್ತ. ಸುಟ್ಟಿರಬೇಕು, ಬೆರಳನ್ನು ಅಂಗಿಗೆ ಉಜ್ಜಿಕೊಂಡ. ವೈರಿನ ಬಾಯಿಗೆ ಟೇಪು ಸುತ್ತಿ ಮುಚ್ಚಳ ಹಾಕಿದ.

ಷಡ್ಡಕ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದ. "ಏನಾಯ್ತಣ್ಣ, ಸಿಕ್ತಾ?"

ಟೆಸ್ಟರ್ ಬಾಯಿ ತೆರೆದ. ಮಾವ ಅವನಿಗಿಂತ ಮುಂಚೆ ಹೇಳಿದರು: "ಒಳಗೊಂದು ಕಡೆ ಕರೆಂಟು ಸೋರ್ತಿತ್ತು ಕಣೋ. ಸರಿಹೋಯ್ತು. ಇನ್ನು ಮಾರೋ ಮಾತು ಬೇಡ."

"ನಾನು ಹೇಳ್ಲಿಲ್ವಾ, ಅಣ್ಣನೇ ಹಿಡೀತಾನೆ ಅಂತ!" ಷಡ್ಡಕ ಖುಷಿಯಿಂದ ಹಗ್ಗವನ್ನು ಹಿಂದಕ್ಕೆ ಎಸೆದು, ಹತ್ತಿ ಕೂತು ಸ್ಟಾರ್ಟ್ ಮಾಡಿದ. "ಹೊರಡೋಣ್ವಾ ಮಾವ?"

ಮಾವನ ಕಡೆಯ ಬಾಗಿಲನ್ನು ಟೆಸ್ಟರ್ ಹಿಡಿದುಕೊಂಡೇ ಇದ್ದ. ಮುಚ್ಚಲೊಲ್ಲ, ಬಿಡಲೊಲ್ಲ. ಷಡ್ಡಕ ನೋಡುತ್ತಿದ್ದ, ನಾನು ನೋಡುತ್ತಿದ್ದೆ, ಪಂಕ್ಚರ್‌ನವನೂ ಕೈಕೆಲಸ ಬಿಟ್ಟು ನೋಡುತ್ತಿದ್ದ.

"ಮಾವ, ನಾಳೆ ಬನ್ನಿ," ಅಂದ ಕೊನೆಗೂ. "ನೀವು ಬರದೆ ಇದ್ರೆ ನಂಗೆ ಕೆಲಸ ಓಡಲ್ಲ."

ಮಾವ ಅವನ ಕೈಮೇಲೆ ಕೈ ಇಟ್ಟರು. "ನಾಳೆ ಇವನದು ದೂರದ ಲೋಡು ಇದೆ ಅಳಿಯಂದಿರೇ. ಬರ್ತೀನಿ ಅಂತ ಮಾತು ಕೊಟ್ಬಿಟ್ಟಿದ್ದೀನಿ. ನಾಡಿದ್ದು ಖಂಡಿತ ಬರ್ತೀನಿ."

"ಹೂಂ," ಅಂದು ಟೆಸ್ಟರ್ ಬಾಗಿಲು ಮುಚ್ಚಿದ.

ಗಾಡಿ ತಿರುವಿನಲ್ಲಿ ಮರೆಯಾಯಿತು. ಅವನು ರಸ್ತೆಯಲ್ಲೇ ನಿಂತಿದ್ದ. ನನಗೂ ಮನಸ್ಸು ಹಗುರಾಗಿತ್ತು. ಹತ್ತಿರ ಹೋಗಿ ಬೆನ್ನು ತಟ್ಟಿದೆ. "ನಾಡಿದ್ದು ಬರ್ತಾರಂತಲ್ಲ ಮಾರಾಯ, ಬಾಯಿಬಿಟ್ಟು ಹೇಳಿದ್ರು. ಇನ್ನೇನು ಬೇಕು ನಿಂಗೆ?"

ಅವನು ತಿರುವಿನಿಂದ ಕಣ್ಣು ಕೀಳದೆ ಅಂದ: "ದೂರದ ಲೋಡು ಅಂದ್ರೆ ಬುತ್ತಿ ಕಟ್ಕೊಂಡು ಹೋಗ್ತಾರೆ. ದಾರಿಲಿ ಎಲ್ಲಾದ್ರೂ ನೆರಳು ನೋಡಿ, ಇಬ್ರೂ ಒಟ್ಟಿಗೆ ಕೂತ್ಕೊಂಡು ಊಟ ಮಾಡ್ತಾರೆ."