ಹಿಂಬಾಗಿಲ ಗಿರಾಕಿಗಳು

ಐವತ್ತರ ದಶಕದಲ್ಲಿ ನಾನು ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದಾಗ, ಗೇಟಿನೆದುರಿನ ಮೀನೂಟದ ಹೋಟೆಲಿನಲ್ಲಿ ಉಡುಪಿ ಕಡೆಯ ಅಡುಗೆಯವರೊಬ್ಬರಿದ್ದರು. ಹೊತ್ತು ಮುಳುಗುವಾಗ ಮೀನಿನ ತಲೆಗಳನ್ನೆಲ್ಲ ಹಿಂಬಾಗಿಲಲ್ಲಿ ಸುರಿದು, ಸೌಟಿನಿಂದ ಬುಟ್ಟಿಯ ತಳಕ್ಕೆ ಎರಡೇಟು ಬಡಿಯುತ್ತಿದ್ದರು. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಅಂಚಿನ ಪೊದೆಗಳಿಂದ ನರಿಗಳು ಬರುತ್ತಿದ್ದವು. ನಾನು ಹೆದರಿ ಹಿಂದೆ ಸರಿದರೆ ನಗುತ್ತಿದ್ದರು: “ಅವೂ ನಮ್ಮ ಗಿರಾಕಿಗಳೇ ಮಾರಾಯ್ರೆ.”

ಒಂದು ವರ್ಷ ಹೋಟೆಲು ಕೈ ಬದಲಾಯಿತು. ಹೊಸ ಧಣಿ ಬೋರ್ಡಿನ ಮೇಲೆ ‘ಶುದ್ಧ ಶಾಕಾಹಾರಿ’ ಎಂದು ಬರೆಸಿದರು. ಅಡುಗೆಯವರು ಹೇಗೋ ಸಾಂಬಾರಿಗೆ ಕೈ ಹೊಂದಿಸಿಕೊಂಡರು. ನರಿಗಳದ್ದೇ ಚಿಂತೆ. ಮೊದಲ ಸಂಜೆ ಉಳಿದ ಇಡ್ಲಿ ಸುರಿದು ಬುಟ್ಟಿ ಬಡಿದರು. ನರಿಗಳು ಬಂದವು, ಮೂಸಿದವು, ಒಂದು ಇವರ ಮುಖವನ್ನೇ ನೋಡಿತು, ಹೋದವು. ವಾರದೊಳಗೆ ಬರುವುದೇ ನಿಂತಿತು.

ರಜೆಯ ದಿನ ನನ್ನನ್ನೂ ಎಳೆದುಕೊಂಡು ಹುಡುಕಲು ಹೊರಟರು. ಮೈಲಿಯಾಚೆ, ಬೆಸ್ತರು ಮೀನು ಒಣಹಾಕುವ ಅಂಗಳದ ಹಿಂದೆ ಅವು ಕಂಡವು. “ಇಲ್ಲಿ ಊಟಕ್ಕೇನೂ ತೊಂದರೆ ಇಲ್ಲ ಬಿಡಿ,” ಎಂದರು. ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ಆಮೇಲೆ ಖಾಡಿಯ ನೀರಿಗೆ ಬೆರಳದ್ದಿ ನಾಲಿಗೆಗಿಟ್ಟು, ಥೂ, ಉಪ್ಪು ಎಂದು ಉಗುಳಿದರು.

ಅಂದಿನಿಂದ ಹಿಂಬಾಗಿಲಲ್ಲಿ ಒಂದು ಬೋಗುಣಿ ನಲ್ಲಿನೀರು ಇಡತೊಡಗಿದರು. ಮೂರನೆಯ ಬೆಳಿಗ್ಗೆ ನಾನು ಚಹಾಕ್ಕೆ ಹೋದಾಗ ಬೋಗುಣಿ ಖಾಲಿಯಾಗಿತ್ತು. ಸುತ್ತ ಕೆಸರು ಹೆಜ್ಜೆಗಳು. ಧಣಿ ಅದನ್ನೆಲ್ಲ ಗುಡಿಸಲು ಹೇಳಿದರು. ಇವರು ಪೊರಕೆ ಹಿಡಿದು, ಆ ಹೆಜ್ಜೆಗಳನ್ನಷ್ಟೇ ಬಿಟ್ಟು, ಉಳಿದ ಅಂಗಳವನ್ನೆಲ್ಲ ಗುಡಿಸಿದರು.