ತಿಮಿಂಗಿಲ ರೆಗ್ಯುಲೇಟರ್ ಕೊಂಡದ್ದು

ಕಣ್ಣು ಮುಚ್ಚಿಸಿ ಬಾಯಿಗೆ ಯಾವ ರೆಗ್ಯುಲೇಟರ್ ಇಟ್ಟರೂ ಒಂದೇ ಉಸಿರಿಗೆ ಅದರ ಜಾತಕ ಹೇಳಬಲ್ಲೆ ಎನ್ನುತ್ತಿದ್ದ ಮುಳುಗುಗಾರ ತಿಮಿಂಗಿಲ. ಬಂದರಿನಲ್ಲಿ ಯಾರೂ ಅದನ್ನು ಅಲ್ಲಗಳೆದಿರಲಿಲ್ಲ. ಹಡಗಿನ ತಳಕ್ಕೆ ಮೆತ್ತಿಕೊಂಡ ಚಿಪ್ಪು ಕೆರೆಯುತ್ತ ಆತ ನೀರಿನಡಿ ಎಷ್ಟು ಕಾಲ ಕಳೆದಿದ್ದನೆಂದರೆ, ಮೀನುಗಳು ತಮ್ಮ ಪಾಲುಪಟ್ಟಿ ಜಗಳಕ್ಕೂ ಅವನನ್ನೇ ಪಂಚಾಯಿತಿಗೆ ಕರೆಯುತ್ತಿದ್ದವಂತೆ. ಹೆಸರಿಗೆ ತಿಮಿಂಗಿಲ, ಆಳು ಮಾತ್ರ ತಂತಿಯ ಮೇಲೆ ಒಣಹಾಕಿದ ಅಂಗಿಯಂತಿದ್ದ.

ಈಚೆಗೆ ಆ ಅಂಗಿ ದಣಿದಿತ್ತು. ನೀರಿನಿಂದ ಮೇಲೆ ಬಂದರೆ ದೋಣಿಯಂಚು ಹಿಡಿದು ಬಹಳ ಹೊತ್ತು ತೂಗುತ್ತಿದ್ದ. ಮನೆಯ ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ನಿಂತು, ಗೋಡೆಯ ಬಣ್ಣ ನೋಡುವವನಂತೆ ನಟಿಸುತ್ತಿದ್ದ. ತಪ್ಪೆಲ್ಲ ಹಳೆಯ ರೆಗ್ಯುಲೇಟರಿನದು. ಸಿಲಿಂಡರಿನ ಬಿರುಸು ಗಾಳಿಯನ್ನು ಪಳಗಿಸಿ ಬಾಯಿಗೆ ಕೊಡಬೇಕಾದದ್ದು ಜಿಪುಣತನ ಕಲಿತಿದೆ, ಹೊಸದು ಬರಲಿ, ಆಮೇಲೆ ನನ್ನನ್ನು ನೀರಿನಿಂದ ಎಬ್ಬಿಸಲು ಕ್ರೇನೇ ಬೇಕು ಎಂದ.

ಮಗಳೂ ಮುಳುಗುವುದು ಕಲಿತು, ಪರೀಕ್ಷೆ ಪಾಸಾಗಿ, ದೋಣಿಯಲ್ಲಿ ಕೂತು ಅಪ್ಪನ ಸೊಂಟದ ಹಗ್ಗ ಹಿಡಿಯುತ್ತಿದ್ದಳು. ಇನ್ನು ನೀನು ಮೇಲಿರು, ನಾನು ಇಳೀತೀನಿ ಎಂದು ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು.

ಇಬ್ಬರೂ ಮುಳುಗುಗಾರರ ಸಾಮಾನಿನ ಅಂಗಡಿಗೆ ಹೋದರು. ಅಂಗಡಿಯವನು ಹಿಂದಿನ ಕೋಣೆಯ ಬೆಂಚಿನ ಮೇಲೆ ಸಿಲಿಂಡರ್ ಇಟ್ಟು, ಒಂದೊಂದೇ ರೆಗ್ಯುಲೇಟರ್ ಜೋಡಿಸಿ ಕೊಟ್ಟ. ಹಿತ್ತಾಳೆಯದು ಉಸಿರೆಳೆಯಲು ಬಿಗಿ. ಹಗುರದ್ದು ಇನ್ನೂ ಬಿಗಿ.

"ಪಕ್ಕದ ತಿರುಪು ಸಡಿಲಿಸಿ ನೋಡಿ ಯಜಮಾನ್ರೆ."

"ಪೂರ್ತಿ ಸಡಿಲಿಸಿದ್ದೀನಪ್ಪ. ಇನ್ನು ಬಿಚ್ಚೋದಿದ್ರೆ ನನ್ನನ್ನೇ ಬಿಚ್ಚಬೇಕು."

ಅಂಗಡಿಯವನು ಹಳದಿ ಮುಚ್ಚಳದ್ದನ್ನು ಜೋಡಿಸಿದ. ಮಗಳು ಅದನ್ನು ಕೈಗೆತ್ತಿಕೊಂಡಳು. "ಕಣ್ಣು ಮುಚ್ಚಪ್ಪ. ಬಣ್ಣ ನೋಡಿ ಮೋಸ ಹೋಗ್ತಿದ್ದೀಯ. ಮೂರು ಕೊಡ್ತೀನಿ, ಉಸಿರಲ್ಲೇ ಹೇಳು."

ತಿಮಿಂಗಿಲ ಖುಷಿಯಿಂದ ಕಣ್ಣು ಮುಚ್ಚಿದ. ಎಳೆದ. "ಇದು ಒಳ್ಳೇ ಮನೆತನದ್ದು. ಕೇಳೋಕೆ ಮುಂಚೆ ಕೊಡುತ್ತೆ."

ಎರಡನೆಯದು ಬಂತು. "ಇದು ಆಫೀಸು ಗುಮಾಸ್ತ. ಕೊಡುತ್ತೆ, ಆದ್ರೆ ನಾಳೆ ಬಾ ಅನ್ನುತ್ತೆ."

ಮೂರನೆಯದನ್ನು ಎಳೆದವನೇ ಉಗಿದ. "ತೆಗಿ ಆಚೆಗೆ. ಇದನ್ನ ಮಾಡಿದವನಿಗೇ ಆಸ್ತಮಾ ಇರ್ಬೇಕು."

ಕಣ್ಣು ಬಿಟ್ಟ. ಅಂಗಡಿಯವನು ಚಾವಣಿ ನೋಡುತ್ತಿದ್ದ. ಹಿತ್ತಾಳೆಯದೂ ಹಗುರದ್ದೂ ಗೋಡೆಯ ಕೊಕ್ಕೆಯಲ್ಲೇ ನೇತಾಡುತ್ತಿದ್ದವು. ಮಗಳ ಕೈಯಲ್ಲಿದ್ದದ್ದು ಹಳದಿ ಮುಚ್ಚಳದ್ದು.

"ಮೂರು ಸಲಾನೂ ಇದೇ ಅಪ್ಪ," ಎಂದು ಮೆಲ್ಲಗೆ ಹೇಳಿ, ಒರೆಸಿ ತನ್ನ ಬಾಯಿಗಿಟ್ಟುಕೊಂಡಳು. ಅವಳಿಗದು ಕಿಟಕಿ ತೆರೆದಷ್ಟು ಸಲೀಸಾಗಿತ್ತು.

ತಿಮಿಂಗಿಲ ಸ್ಟೂಲಿನ ಮೇಲೆ ಕೂತ. ರೆಗ್ಯುಲೇಟರ್ ಬದಲಿಸಬೇಕಾದರೆ ಒಳಗಿನ ಗಾಳಿ ಬುಸ್ಸೆಂದು ಬಿಡಬೇಕು. ಕುರುಡನಿಗೂ ಗೊತ್ತಾಗುವ ಸದ್ದು. ಆ ಸದ್ದು ಬಂದೇ ಇಲ್ಲವೆಂದು ಅವನಿಗೆ ತಿಳಿದಿರಲಿಲ್ಲ. ಕಿವಿಯ ತುಂಬ ತನ್ನದೇ ಏದುಸಿರಿತ್ತು. ಅವನ ಎದೆಯೊಳಗೆ ಮುರಿದದ್ದೇನೂ ಇರಲಿಲ್ಲ, ಸವೆದಿತ್ತು ಅಷ್ಟೆ.

"ಹಳದೀದೇ ಕೊಡಿ," ಎಂದ ಕೊನೆಗೆ. "ಕಚ್ಚೋ ರಬ್ಬರು ಮಾತ್ರ ಚಿಕ್ಕದು ಹಾಕಿ. ಇವಳ ಬಾಯಿಗೆ."

ಮಗಳು ತಲೆ ತಗ್ಗಿಸಿದಳು. ಆಮೇಲೆ ಮೂಗೊರೆಸಿಕೊಂಡು, "ದೋಣೀಲಿ ಸುಮ್ನೆ ಹಗ್ಗ ಹಿಡ್ಕೊಂಡು ಕೂರೋಕಾಗುತ್ತಾ ನಿನಗೆ? ಬೇಜಾರಾಗಲ್ವಾ?" ಎಂದಳು.

"ಯಾಕಮ್ಮ ಬೇಜಾರು? ನಾನು ಮೇಲಿಂದ ಬಯ್ತಿರ್ತೀನಿ, ನೀನು ಬಾಯಲ್ಲಿ ಅದನ್ನ ಕಚ್ಕೊಂಡಿರ್ತೀಯ. ನೀನು ಮಾತು ಕಲಿತ ಮೇಲೆ ಮೊದಲನೇ ಸಲ ಎದುರುತ್ತರ ಕೇಳದೇ ಕೂರ್ತೀನಿ."