ಹಸಿರು ಬಣ್ಣದ ಹರವಿ

ನಾನು ಚಿಕ್ಕವಳಿದ್ದಾಗ ಮಾನ್ವಿಯ ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಬೇವಿನ ಮರದ ಕೆಳಗೆ, ಮರಳಿನ ಮೇಲೆ ಕೂತ ಹರವಿಯೇ ನಮಗೆ ತಣ್ಣೀರು ಕೊಡುತ್ತಿತ್ತು. ಹರವಿ ಎಂದರೆ ದೊಡ್ಡ ಮಣ್ಣಿನ ಗಡಿಗೆ.

ಆ ಬೇಸಿಗೆಯಲ್ಲಿ ಅಕ್ಕನನ್ನು ನೋಡಲು ಅರಕೇರಾದಿಂದ ಗಂಡಿನ ಕಡೆಯವರು ಬರುವವರಿದ್ದರು. ಹಿಂದೆ ಒಂದು ಸಂಬಂಧ ತಪ್ಪಿಹೋದಾಗ ಅಕ್ಕ ಗೋಡೆಗೆ ಮುಖ ಮಾಡಿ ಅತ್ತದ್ದನ್ನು ನಾನು ಕಂಡಿದ್ದೆ. ಈ ಸಲ ಹಾಗಾಗಬಾರದೆಂದು ಅವಳಿಗಿಂತ ನನಗೇ ಹೆಚ್ಚು ಚಿಂತೆ.

ಬರುವವರಿಗೆಂದು ಅಪ್ಪ ಸಿರವಾರದ ಸಂತೆಯಿಂದ ಹೊಸ ಹರವಿ ತಂದಿದ್ದ. ಬಡಿದರೆ ಠಣ್ ಎನ್ನುತ್ತಿತ್ತು. ನನಗೋ ಅದು ಹಿಡಿಸಲೇ ಇಲ್ಲ. ಬರೀ ಮಣ್ಣಿನ ಬಣ್ಣ, ಹೊಟ್ಟೆಯ ತುಂಬ ಕುಂಬಾರ ಹಲಗೆಯಿಂದ ತಟ್ಟಿದ ಗುರುತು. ನೆರೆಮನೆಯ ಪ್ಲಾಸ್ಟಿಕ್ ಕೊಡ ಎಷ್ಟು ಮಿರಿಮಿರಿ ಮಿಂಚುತ್ತಿತ್ತು!

ಹೋದ ವರ್ಷದ ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಳಿದು ಉಳಿದ ಹಸಿರು ಬಣ್ಣ ಕೊಟ್ಟಿಗೆಯಲ್ಲಿತ್ತು. ಅವರು ಬರುವ ಹಿಂದಿನ ಸಂಜೆ ಹಿತ್ತಲಲ್ಲಿ ಕೂತು ಹರವಿಗೆ ಪೂರ್ತಿ ಬಳಿದೆ. ಬೆಳಿಗ್ಗೆ ನಾನೇ ನೀರು ತುಂಬಿದೆ. ಅಪ್ಪ ಅವರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋಗಿದ್ದ. ಒಳಗೆ ಮಂಡಕ್ಕಿ ಸುಸಲದ ಒಗ್ಗರಣೆಯ ಘಮ. ಅವ್ವನಿಗೆ ಹೊರಗೆ ಇಣುಕಲೂ ಪುರಸೊತ್ತಿರಲಿಲ್ಲ.

ಸುಡುವ ಬಿಸಿಲಲ್ಲಿ ನಡೆದು ಬಂದವರಿಗೆ ಅಕ್ಕ ನೀರು ಕೊಟ್ಟಳು. ಹುಡುಗನ ಅವ್ವ ಒಂದು ಗುಟುಕು ಕುಡಿದು ಮುಖ ಕಿವಿಚಿದಳು.

"ನೀರು ಕಾದಾವಲ್ರೀ! ಏನೋ ವಾಸನಿ ಬ್ಯಾರೆ ಬರಾಕತ್ತದ."

ಅಪ್ಪನ ಮುಖ ಇಳಿದುಹೋಯಿತು. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ಓಡಿಬಂದು ಗಳಗಳ ಅತ್ತೆ. "ಬಣ್ಣ ಹಚ್ಚಿದಾಕಿ ನಾನ್ರೀ! ಅಕ್ಕಂದೇನೂ ತಪ್ಪಿಲ್ರೀ!"

ಹುಡುಗನ ಅವ್ವ ಎದ್ದು ನನ್ನ ಕೈ ಹಿಡಿದು ಹರವಿಯ ಬಳಿ ಕರೆದೊಯ್ದಳು. "ಮುಟ್ಟಿ ನೋಡು. ಒಣಗಿ ಕುಂತದ. ಹರವಿ ಬೆವತರನ ನೀರು ತಣ್ಣಗಾಗ್ತಾವ. ನೀ ಅದರ ಮೈ ಮುಚ್ಚಿಬಿಟ್ಟಿ." ಆಮೇಲೆ ಸೆರಗಿನಿಂದ ನನ್ನ ಕಣ್ಣೊರೆಸಿದಳು. "ಅಳಬ್ಯಾಡ. ನಾವು ನೋಡಾಕ ಬಂದಿದ್ದು ನಿಮ್ಮಕ್ಕನ್ನ, ಹರವೀನ್ನ ಅಲ್ಲ."

ಅಕ್ಕ ಆ ಮನೆಯ ಸೊಸೆಯಾದಳು. ಮದುವೆಗೆ ಬಂದಾಗ ಆ ತಾಯಿ ನನಗೆಂದೇ ಒಂದು ಪುಟ್ಟ ಹರವಿ ತಂದಿದ್ದಳು. ನೀರು ತುಂಬಿ ಅದರ ಹೊಟ್ಟೆಗೆ ಕೆನ್ನೆಯಿಟ್ಟೆ. ಹಲಗೆಯ ಗುರುತಿನಲ್ಲೆಲ್ಲ ಸಣ್ಣ ಹನಿಗಳು ನಿಂತಿದ್ದವು. ಅಷ್ಟು ಚಂದದ ವಸ್ತುವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮಕ್ಕಳೇ, ನಿಮ್ಮ ನೀರು ಫ್ರಿಜ್ಜಿನ ಬಾಟಲಿಯಲ್ಲಿರುತ್ತದೆ. ಮೊನ್ನೆ ನೀವು ಮೊಬೈಲಿನಲ್ಲಿ ಜಪಾನಿನ ಹಳ್ಳಿಯ ಕುಂಬಾರರ ಹೂಜಿ ತೋರಿಸಿದಿರಿ. ಮಣ್ಣಿನದೇ ಬಣ್ಣ, ಮೈಮೇಲೆ ಮಾಡಿದವರ ಬೆರಳಿನ ಗುರುತು. ಅವರ ಹೆಸರು ಮಾತ್ರ ಎಲ್ಲಿಯೂ ಇಲ್ಲ. "ಇದಕ್ಕ ಬಣ್ಣ ಯಾಕ ಹಚ್ಚಿಲ್ಲ ಅಜ್ಜಿ?" ಎಂದು ಕೇಳಿದಿರಿ. ಅಂದು ನನಗೂ ಹಾಗೇ ಅನಿಸಿತ್ತು. ಬನ್ನಿ, ಬಾಲ್ಕನಿಯಲ್ಲಿ ನನ್ನ ಹರವಿ ಬೆವರುತ್ತಿದೆ, ಮುಟ್ಟಿ ನೋಡಿ. ನಿಮ್ಮ ಬಣ್ಣದ ಡಬ್ಬಿ ಮಾತ್ರ ಒಳಗೇ ಇಟ್ಟು ಬನ್ನಿ.